ಅಕ್ಕನಿಗೆ ಲಿವರ್ ಕೊಡಬೇಕಿದ್ದ ಮನ್ವಿತ್ ಕಾಣೆಯಾದ ಬಗ್ಗೆ

ಧನರಾಜ್, ಪ್ರಾಯ 46 ವರ್ಷ, ತಂದೆ: ಚನಿಯಪ್ಪ, ಕೆಲಸ: ಮೂಡುಬಿದಿರೆಯ ಪದವಿಪೂರ್ವ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಉಪನ್ಯಾಸಕ, ವಾಸ: ವೇಣೂರು ಗ್ರಾಮ, ಬೆಳ್ತಂಗಡಿ ತಾಲೂಕು. ಈ ದಿನ ಠಾಣೆಗೆ ಹಾಜರಾಗಿ ನಾನು ಬರೆಸುವುದೇನೆಂದರೆ:

ಕಾಣೆಯಾಗಿರುವವನು ನನ್ನ ಹೆಂಡತಿ ದೀಪಶ್ರೀಯ ತಮ್ಮ ಮನ್ವಿತ್, ಪ್ರಾಯ 33. ಬಂಟ್ವಾಳ ತಾಲೂಕು ನರಿಕೊಂಬಿನವನು. ಮೆಲ್ಕಾರಿನಲ್ಲಿ ಎಣ್ಣೆಯಲ್ಲಿ ಕರಿದ ಗೋಳಿಬಜೆಯ ಸಣ್ಣ ಹೋಟೆಲ್ ನಡೆಸುತ್ತಾನೆ. ಹೋಟೆಲಿನ ಬೋರ್ಡಿಗಿಂತ ನಿನ್ನ ಹೊಟ್ಟೆಯೇ ಮೊದಲು ಕಾಣುತ್ತದೆ ಎಂದು ನಾನು ತಮಾಷೆ ಮಾಡಿದರೆ, ಇದು ನಿಮ್ಮ ಸಂಬಳದ ಹಾಗೆ ಅಲ್ಲ ಭಾವ, ವರ್ಷ ವರ್ಷ ಹೆಚ್ಚಾಗ್ತದೆ ಎಂದು ಅವನು ಹೇಳುತ್ತಿದ್ದ.

ದೀಪಶ್ರೀಗೆ ಎರಡು ವರ್ಷದಿಂದ ಲಿವರಿನ ಕಾಯಿಲೆ ಇತ್ತು. ಈ ಜುಲೈಯಲ್ಲಿ, ಬೇರೆಯವರ ಲಿವರಿನ ತುಂಡು ಜೋಡಿಸುವುದೊಂದೇ ದಾರಿ ಎಂದು ಮಂಗಳೂರಿನ ಆಸ್ಪತ್ರೆಯೊಂದರ ಡಾಕ್ಟರು ತಿಳಿಸಿದರು. ನನ್ನ ರಕ್ತದ ಗುಂಪು ಹೊಂದಲಿಲ್ಲ. ಹದಿನೆಂಟು ವರ್ಷ ಹೊಂದಿಕೊಂಡು ಬಾಳಿದ್ದಕ್ಕೆ ಆ ಪರೀಕ್ಷೆಯಲ್ಲಿ ಅಂಕ ಇಲ್ಲ. ಮನ್ವಿತನದು ಹೊಂದಿತು. ಆದರೆ ಸ್ಕ್ಯಾನಿಂಗಿನಲ್ಲಿ ಅವನ ಲಿವರಿನಲ್ಲಿ ಕೊಬ್ಬು ಕಂಡದ್ದರಿಂದ, ಎಂಟು ಕಿಲೊ ಇಳಿಸಿ ಆರು ವಾರ ಬಿಟ್ಟು ಬರಬೇಕೆಂದು ಜುಲೈ 22ರಂದು ಡಾಕ್ಟರು ಹೇಳಿದರು. ಹೆದರಿಕೆ ಆಗ್ತದಾ ಎಂದು ಅಕ್ಕ ಕೇಳಿದ್ದಕ್ಕೆ, ಕೊಯ್ದರೂ ಲಿವರ್ ಪುನಃ ಬೆಳೀತದಂತೆ ಅಕ್ಕ, ನನ್ನ ಮೈಯಲ್ಲಿ ಬೆಳೆಯದ ಜಾಗ ಯಾವುದುಂಟು ಎಂದ. ಅವಳು ಆ ದಿನ ನಕ್ಕಳು.

ಮರುದಿನದಿಂದಲೇ ಅವನು ಬೆಳಿಗ್ಗೆ ನರಿಕೊಂಬಿನ ಹೊಳೆಬದಿಯಲ್ಲಿ ಐದು ಕಿಲೋಮೀಟರ್ ನಡೆಯತೊಡಗಿದ. ರಾತ್ರಿಯ ಊಟ ಬಿಟ್ಟ. ಆಗಸ್ಟ್ ಮೊದಲ ವಾರ, ಗಿರಾಕಿಯೊಬ್ಬರು ಹೇಳಿದರೆಂದು, ಗ್ರೀನ್ ಟೀ ಸಾರದ ಕ್ಯಾಪ್ಸೂಲನ್ನು ಮೊಬೈಲಿನಲ್ಲೇ ತರಿಸಿದ. ಕೊಬ್ಬು ಕರಗಿಸುತ್ತದೆ, ಹೃದಯಕ್ಕೆ ಒಳ್ಳೆಯದು, ಲಿವರನ್ನು ಶುದ್ಧಗೊಳಿಸುತ್ತದೆ ಎಂದು ಬಾಟಲಿಯ ಮೇಲೆ ಅಚ್ಚಾಗಿದ್ದುದನ್ನು ನನಗೂ ತೋರಿಸಿದ. ದಿನಕ್ಕೆ ಎರಡು ಎಂದಿದ್ದುದನ್ನು ನಾಲ್ಕು ಮಾಡಿ, ಖಾಲಿ ಹೊಟ್ಟೆಗೇ ತೆಗೆದುಕೊಳ್ಳುತ್ತಿದ್ದ. ಯಾಕೆ ಇಷ್ಟು ಎಂದು ಕೇಳಿದಾಗ, ಅಕ್ಕನಿಗೆ ಕೊಡುವ ತುಂಡಲ್ವಾ ಭಾವ, ತೊಳೆದು ಕೊಡಬೇಡ್ವಾ ಎಂದ. ಬೇರೆ ಮದ್ದು ಏನಾದರೂ ಉಂಟಾ ಎಂದು ಆಸ್ಪತ್ರೆಯಿಂದ ಫೋನಿನಲ್ಲಿ ಕೇಳಿದಾಗ ಇಲ್ಲ ಎಂದನು. ಅದು ಸುಳ್ಳಲ್ಲ. ನಮ್ಮ ಕಡೆ ಚಹಾವನ್ನು ಮದ್ದು ಎಂದು ಯಾರೂ ಕರೆಯುವುದಿಲ್ಲ.

ಸೆಪ್ಟೆಂಬರ್ 2ರಂದು ಆಸ್ಪತ್ರೆಯ ತಕ್ಕಡಿಯಲ್ಲಿ ಒಂಬತ್ತು ಕಿಲೊ ಇಳಿದದ್ದು ಕಂಡಿತು. ಒಂದು ಕಿಲೊ ಲಾಭ ಭಾವ, ನಿಮ್ಮ ಕಾಮರ್ಸಿಗೆ ಬರೆದುಕೊಳ್ಳಿ ಎಂದ. 11.30ಕ್ಕೆ ರಕ್ತದ ವರದಿ ಬಂತು. ಅವನ ಲಿವರಿಗೆ ಪೆಟ್ಟಾಗಿತ್ತು. ಡಾಕ್ಟರು ಏನು ತಿಂದಿರಿ ಎಂದು ಪುನಃ ಕೇಳಿದಾಗ ಅವನೇ ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಚಹಾ ಕುಡಿಯುವುದು ಬೇರೆ, ಅದರ ಸಾರವನ್ನು ಗಟ್ಟಿಯಾಗಿಸಿ ಹಸಿದ ಹೊಟ್ಟೆಗೆ ನುಂಗುವುದು ಬೇರೆ, ಕೆಲವರ ಲಿವರಿಗೆ ಅದು ಆಗುವುದಿಲ್ಲ, ಕೂಡಲೇ ಬಿಟ್ಟರೆ ಎರಡು ತಿಂಗಳಲ್ಲಿ ಸರಿಯಾದೀತು ಎಂದು ಡಾಕ್ಟರು ವಿವರಿಸಿದರು. ದೀಪಶ್ರೀಗೆ ಅಷ್ಟು ಸಮಯ ಇಲ್ಲ ಎಂಬುದನ್ನು ನನ್ನನ್ನು ಹೊರಗೆ ಕರೆದು ಹೇಳಿದರು. ಕೊಡಬಲ್ಲವರು ಬೇರೆ ಯಾರೂ ಸಿಗಲಿಲ್ಲ.

ವಿಷಯ ತಿಳಿದ ದೀಪಶ್ರೀ, ಊರಿನವರೆಲ್ಲ ಚಾ ಕುಡಿದರೆ ನೀನೊಬ್ಬ ತಿಂದೆಯಲ್ಲ ಮಾರಾಯ ಎಂದು ತಮ್ಮನ ತಲೆ ಸವರಿದಳು. ಅವನು ನಗಲಿಲ್ಲ.

ಸೆಪ್ಟೆಂಬರ್ 20, ಶುಕ್ರವಾರ ಬೆಳಿಗ್ಗೆ 6.40ಕ್ಕೆ ದೀಪಶ್ರೀ ತೀರಿಕೊಂಡಳು. ಅದೇ ದಿನ ಮಧ್ಯಾಹ್ನ ಮೇಲೆ ವೇಣೂರಿನ ಮನೆಯಲ್ಲಿ ಹೆಣ ಎತ್ತುವ ಹೊತ್ತಿಗೆ ಅವಳ ಸೋದರಮಾವ ಗುರುವಪ್ಪನವರು ಎಲ್ಲರಿಗೂ ಕೇಳುವ ಹಾಗೆ, ಕೊಡ್ಲಿಕ್ಕೆ ಮನಸ್ಸಿಲ್ಲದಿದ್ರೆ ಬಾಯಿ ಬಿಟ್ಟು ಹೇಳಬಹುದಿತ್ತು, ಬೇಕಂತಲೇ ಲಿವರ್ ಹಾಳು ಮಾಡಿಕೊಂಡ ನಾಟಕ ಎಂತಕ್ಕೆ ಎಂದರು. ಮನ್ವಿತ್ ಚಟ್ಟಕ್ಕೆ ಹೆಗಲು ಕೊಟ್ಟ. ಚಿತೆಗೆ ಬೆಂಕಿ ಇಟ್ಟ ಮೇಲೆ ಅಲ್ಲಿ ಕಾಣಲಿಲ್ಲ. ನಾನು ಚಿತೆ ಬಿಟ್ಟು ಬರುವ ಹಾಗಿರಲಿಲ್ಲ. ಸಂಜೆ ಆರು ಗಂಟೆಗೆ ವಿಚಾರಿಸಿದಾಗ, ಬಸ್ ನಿಲ್ದಾಣದ ಅಂಗಡಿಯ ಅಬ್ದುಲ್ಲ ಅವರು, ಅವನು 4.20ರ ಮೂಡುಬಿದಿರೆ ಬಸ್ಸಿಗೆ ಹತ್ತಿದನೆಂದೂ, ಒಂದು ಚಾ ಕುಡಿದು ಹೋಗು ಮಾರಾಯ ಎಂದದ್ದಕ್ಕೆ ಕೈಮುಗಿದನೆಂದೂ ತಿಳಿಸಿದರು. ಆಮೇಲೆ ಅವನ ಮೊಬೈಲ್ ಸ್ವಿಚ್ ಆಫ್ ಆಗಿದೆ. ನರಿಕೊಂಬಿಗೂ ಹೋಗಿಲ್ಲ, ಹೋಟೆಲಿಗೂ ಬಂದಿಲ್ಲ.

ಅವನು ಬೇಕೆಂದೇ ಹಾಗೆ ಮಾಡಿರಬಹುದೇ ಎಂದು ನನ್ನನ್ನು ಇಲ್ಲಿ ಕೇಳಲಾಯಿತು. ತಪ್ಪಿಸಿಕೊಳ್ಳುವವನಾಗಿದ್ದರೆ ಅವನು ಏನೂ ಮಾಡಬೇಕಿರಲಿಲ್ಲ. ತನ್ನದೇ ಹೋಟೆಲಿನ ಗೋಳಿಬಜೆ ತಿಂದುಕೊಂಡಿದ್ದರೆ ಡಾಕ್ಟರೇ ಬೇಡ ಎನ್ನುತ್ತಿದ್ದರು. ನನಗೆ ಅವನ ಮೇಲೆ ಯಾವ ದೂರೂ ಇಲ್ಲ. ಅಕ್ಟೋಬರ್ 2ಕ್ಕೆ ದೀಪಶ್ರೀಯ ಬೊಜ್ಜ, ಅಂದರೆ ಹದಿಮೂರನೆಯ ದಿನದ ಕಾರ್ಯ. ಅವನು ಸಿಕ್ಕಿದರೆ, ಭಾವ ಕಾಯುತ್ತಿದ್ದಾರೆ, ಊಟಕ್ಕೆ ನಿನಗೂ ಎಲೆ ಹಾಕಿ ಇಟ್ಟಿರುತ್ತಾರೆ ಎಂದು ಮೊದಲು ಹೇಳಿ, ಆಮೇಲೆ ಬೇರೆ ಪ್ರಶ್ನೆ ಕೇಳಬೇಕಾಗಿ ವಿನಂತಿ. ಅವನನ್ನು ಆಸ್ಪತ್ರೆಗೂ ಕರೆದುಕೊಂಡು ಹೋಗಲಿಕ್ಕುಂಟು.

ನಾನು ಕೊಟ್ಟ ಫೋಟೊ ಕಳೆದ ವರ್ಷದ್ದು. ಅದನ್ನು ನೋಡಿ ಚಹರೆಯಲ್ಲಿ ದಪ್ಪ ಮೈಕಟ್ಟು ಎಂದು ಬರೆಯಲಾಗಿತ್ತು. ನನ್ನ ಕೋರಿಕೆಯಂತೆ ಅದನ್ನು ಹೊಡೆದುಹಾಕಿ ಹೀಗೆ ತಿದ್ದಲಾಗಿದೆ: ಸಪೂರ ಮೈಕಟ್ಟು. ಕೆನ್ನೆ ಒಳಗೆ ಹೋಗಿದೆ. ಕಣ್ಣಿನ ಬಿಳಿ ಸ್ವಲ್ಪ ಹಳದಿ. ಪ್ಯಾಂಟು ಸಡಿಲ, ಬೆಲ್ಟಿಗೆ ಮೊಳೆಯಿಂದ ಹೊಸದಾಗಿ ಹಾಕಿದ ಎರಡು ತೂತು. ಸಪೂರ ಆದದ್ದು ಯಾಕೆ ಎಂದು ಬರೆಯಲು ಚಹರೆಯಲ್ಲಿ ಜಾಗ ಇಲ್ಲವಂತೆ.

ಬರೆದದ್ದನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳಿದಂತೆಯೇ ಇದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ವೇಣೂರು
ದಿನಾಂಕ: 22-09-2024
ಸಹಿ: ಧನರಾಜ್