ಮಗಳಿಗೆಂದು ಕೇಳಿದ ಬ್ರಾ

ಕಾಪುವಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಪಿಸುಗುಟ್ಟುತ್ತಿದ್ದರು.

“ಎಂತ ಕುಶಲಕ್ಕ, ಕೂತಲ್ಲಿ ಕೂರುವುದಿಲ್ಲ ನೀವು?”

“ಹೊಸ ಬ್ರಾ, ರಿಝ್ವಾನಾ. ಉಸಿರಾಡಲಿಕ್ಕೆ ಆಗುವುದಿಲ್ಲ.”

“ಸೈಜ್ ಹೇಳಲಿಲ್ವಾ?”

“ಅಂಗಡಿಯಲ್ಲಿ ನಮ್ಮ ಪಕ್ಕದ ಮನೆಯ ಸುಕೇಶ ಒಬ್ಬನೇ ಇದ್ದ. ನಾಚಿಕೆಯಾಗಿ ಮಗಳಿಗೆ ಅಂದೆ. ಅವಳನ್ನು ನೋಡಿದ್ದಾನಲ್ಲ, ಆ ಅಂದಾಜಿನಲ್ಲೇ ಕೊಟ್ಟ.”

“ಮೋಕ್ಷಾ ಕಡ್ಡಿಯ ಹಾಗೆ ಇದ್ದಾಳಲ್ಲ!”

“ಹೌದು ಮಾರಾಯ್ತಿ.”

“ಬೇರೆ ತೆಗೆದುಕೊಳ್ಳಿ. ನನಗೇ ಬೇಕು ಅನ್ನಿ.”

“ಅದಕ್ಕೆಂದೇ ನಿನ್ನೆ ಪುನಃ ಹೋದದ್ದು. ‘ಮಗಳಿಗೆ ಸರಿಯಾಯಿತಾ ಅಕ್ಕ?’ ಅಂತ ಕೇಳಿದ. ಆಯಿತು ಅಂದುಬಿಟ್ಟೆ.”

“ಮತ್ತೆ?”

“ಅದೇ ಸೈಜಿನದ್ದು ಇನ್ನೆರಡು ಕಟ್ಟಿಕೊಟ್ಟ.”

ಕಾಪು ಬಂತು. ಮೇಲಿನ ಕಂಬಿ ಹಿಡಿಯಲು ಎತ್ತಿದ ಕೈಯನ್ನು ಅರ್ಧಕ್ಕೇ ಇಳಿಸಿದ ಕುಶಲಕ್ಕ, ರಿಝ್ವಾನಾಳ ಹೆಗಲು ಹಿಡಿದುಕೊಂಡು ಇಳಿದರು.