ಹಲ್ಲು ಕೀಳುವ ಮುಂಚಿನ ಕ್ಲಾರಿನೆಟ್

ಫೋನಿಗೆ ಸಿಕ್ಕಿಸುವ ಮೈಕಿಗೆ ಎರಡು ಸಾವಿರ, ಕೈಯಲ್ಲಿ ಹಿಡಿಯುವ ರೆಕಾರ್ಡರಿಗೆ ಒಂಬತ್ತು ಸಾವಿರ, ಮುಂದಿನ ಎರಡು ಹಲ್ಲು ಕಿತ್ತು ಬೇರೆ ಕಟ್ಟಿಸಲು ಹದಿನೆಂಟು ಸಾವಿರ. ಹಲ್ಲಿನ ಡಾಕ್ಟರ ಬಳಿ ಕಾಯುತ್ತಿದ್ದಾಗ ಪಕ್ಕದ ಕುರ್ಚಿಯ ಹೆಂಗಸು ಬೆರಳು ಮಡಚುತ್ತಾ ಗಂಡನಿಗೆ ಈ ಲೆಕ್ಕ ಹೇಳುತ್ತಿದ್ದರು. ಆತ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವರು.

“ಮೂರು ತಿಂಗಳಿಂದ ಆ ಮೈಕು ಒಳ್ಳೇದಾ, ಈ ರೆಕಾರ್ಡರು ಒಳ್ಳೇದಾ ಅಂತ ನೋಡಿದ್ದೇ ನೋಡಿದ್ದು. ಒಂದಾದ್ರೂ ತಂದ್ರಾ?”

“ಮನೇಲಿ ಅಭ್ಯಾಸಕ್ಕೂ ಆಗ್ಬೇಕು, ಕಾರ್ಯಕ್ರಮಕ್ಕೂ ಆಗ್ಬೇಕು. ಅಗ್ಗದ್ದು ಬರೀ ಗೊರಗೊರ ಅನ್ನತ್ತೆ ಕಣೇ.”

“ಈ ಹಲ್ಲು ಹೋದ್ಮೇಲೆ ಅದೇ ನಾದ ಬರತ್ತಾ?”

“ಇಪ್ಪತ್ತೆಂಟು ವರ್ಷ ಕಚ್ಚಿ ಹಿಡಿದಿದ್ದೇ ಈ ಹಲ್ಲಲ್ಲಿ. ಹೊಸದ್ರಲ್ಲಿ ಹೇಗೋ, ಯಾರಿಗೆ ಗೊತ್ತು.”

“ನಿನ್ನೆ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡ್ರಲ್ಲ?”

“ಅದು ಮಾತಿಗೆ ಮಾಡಿರೋ ಫೋನು. ಕ್ಲಾರಿನೆಟ್ಟನ್ನ ಗಲಾಟೆ ಅಂದ್ಕೊಂಡು ಅಳಿಸಿಬಿಟ್ಟಿದೆ.”

“ಪೂರ್ತಿನಾ?”

“ಅಲ್ಲಲ್ಲಿ ಕುಯ್ ಅನ್ನತ್ತೆ. ನೀನು ‘ಊಟಕ್ಕೆ ಬನ್ರೀ’ ಅಂದಿದ್ದು ಮಾತ್ರ ಗಂಟೆ ಹೊಡೆದ ಹಾಗೆ ಬಂದಿದೆ.”

ಆಕೆ ನಗಲು ಹೋಗಿ ನಿಲ್ಲಿಸಿದರು.

“ಬನ್ರೀ, ಎದ್ದು ಹೋಗೋಣ. ದಾರೀಲಿ ಯಾವ್ದಾದ್ರೂ ಒಂದು ಕೊಂಡ್ಕೊಂಡು, ಇವತ್ತು ಊದಿ ರೆಕಾರ್ಡ್ ಮಾಡಿ, ನಾಳೆ ಬರೋಣ.”

“ಆಗ್ಲೇ ನಾಲ್ಕು ಸಲ ಮುಂದಕ್ಕೆ ಹಾಕಿದೀನಿ. ಕೀವು ತುಂಬಿದೆ, ಇನ್ನೊಂದು ದಿನಾನೂ ಬಿಡೋ ಹಾಗಿಲ್ಲ ಅಂದಿದಾರೆ. ರಾತ್ರಿಯಿಂದ ತುಟಿ ಮುಟ್ಟೋಕೇ ಆಗ್ತಿಲ್ಲ, ಇನ್ನು ಊದೋದೆಲ್ಲಿ?”

ನರ್ಸ್ ಬಂದು ಕರೆದರು. ಆತ ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಎದ್ದರು.

“ಅದನ್ನ ಅಳಿಸ್ಬೇಡ.”

ಗಂಡ ಹೆಂಡತಿ ಇಬ್ಬರೂ ಒಳಗೆ ಹೋದರು. ಇಪ್ಪತ್ತೆಂಟು ವರ್ಷ ಊದಿದ್ದರಲ್ಲಿ ಉಳಿದದ್ದು, ಊಟಕ್ಕೆ ಕರೆದ ಹೆಂಡತಿಯ ದನಿ.