ಮೂರು ಕೆಂಪು ಪಿನ್ನು

ಖಡಕಿಯ ದವಾಖಾನೆಯಲ್ಲಿ ಹನ್ನೊಂದಾದರೂ ಹಂಚಿನಾಳ ಡಾಕ್ಟರ ಕುರ್ಚಿ ಖಾಲಿಯೇ ಇತ್ತು. ನನ್ನ ಎದುರಿನ ಬೆಂಚಿನ ಮೇಲೆ ಶರ್ವರಿ ಎಂಬಾಕೆ, ಅವಳ ಚಿಕ್ಕಮ್ಮ ರಂಗೂಬಾಯಿ ಕೂತಿದ್ದರು.

"ಡಾಕ್ಟರು ಎಲ್ಲಿ ಹೋಗ್ಯಾರ, ಮಾವಶಿ?"

"ನಮ್ಮ ಗಲ್ಲಿಗೆ. ಮುಂಜಾನಿಂದ ನಿಂತು ನಳದ ಲೈನ್ ಅಗಸ್ಲಿಕ್ಕತ್ತಾರ. ಗ್ವಾಡಿ ಮ್ಯಾಲಿನ ನಕಾಶಿ ನೋಡು. ಕಾಮಣಿ ಆಗಿ ಕಣ್ಣು ಹಳದಿ ಆದವರ ಗಲ್ಲಿಗೆ ಕೆಂಪು ಪಿನ್ನು ಚುಚ್ಚತಾರ. ಮೂರಾದ್ವು ಅಂದ್ರ ಕಾರ್ಪೋರೇಶನ್ನಿನವರನ್ನ ತಾವ ಕರಕೊಂಡು ಬರತಾರ."

"ಡಾಕ್ಟರ ಕಾಲು ಬಾತಾವ ಅಂತಿದ್ರಲ್ಲ."

"ಸ್ಟೂಲ್ ಹಾಕಿ ಕೂಡಿಸೀವಿ. ಆದ್ರ ನಮ್ಮ ಗಲ್ಲ್ಯಾಗ ಯಾರಿಗೂ ಕಾಮಣಿ ಆಗಿಲ್ಲ. ನನಗ ತಿಳೀವಲ್ದು."

ಶರ್ವರಿ ಕೈಯಲ್ಲಿನ ಚೀಟಿಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಆ ಮೂರೂ ನಮ್ಮ ಮನೀವು, ಮಾವಶಿ. ನಮ್ಮನಿಯವರದು, ಅತ್ತೀದು, ಮಗಳು ಅಪೇಕ್ಷಾಂದು. ಪತ್ತಾ ನಿಮ್ಮ ಗಲ್ಲೀದು ಬರಸೀನಿ."

"ಯಾಕ?"

"ನಾವು ಕದ್ದು ನಳಕ್ಕ ಮೋಟರ್ ಹಚ್ಚೀವಿ. ಖರೇ ಪತ್ತಾ ಕೊಟ್ರ ಡಾಕ್ಟರು ಬಂದು ನೋಡತಾರ."

"ಮೋಟರ್ ಗಟರಿನ ನೀರೂ ಎಳೀತದ ಅಂತ ಅವರು ಎಷ್ಟು ಸಲ ಹೇಳ್ಯಾರ."

"ಹೇಳ್ಯಾರ."

"ಅದ ಲೈನಿನ ನೀರು ಇನ್ನೆಷ್ಟು ಮನಿಗೆ ಹೋಗತದ?"

"ಹನ್ನೆರಡು."

ಶರ್ವರಿ ಎದ್ದು, ನಕಾಶೆಯಿಂದ ಮೂರೂ ಪಿನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದಳು.

"ಎಲ್ಲಿ ಹೊಂಟಿ?"

"ಡಾಕ್ಟರ ಕಡೆ. ಇವನ್ನ ಅವರ ಕೈಯಾಗ ಕೊಟ್ಟು ಹೇಳತೀನಿ."

ರಂಗೂಬಾಯಿ ಗಡಿಯಾರ ನೋಡಿ, ಒಂದೇ ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ಓಡಿದಳು.

"ಡಾಕ್ಟರ ಕಡೆ ನಾ ಹೋಗತೀನಿ. ನೀ ಮೊದಲ ಮನಿಗೆ ಹೋಗಿ ಮೋಟರ್ ಬಂದ್ ಮಾಡು. ನಳಕ್ಕ ನೀರು ಬರೋ ಹೊತ್ತಾತು."